ಅಲ್ಲಿ ಬಿ ಫಾರಂ ಕೊಡುವವರು ಯಾರು?

ದಾವಣಗೆರೆಯ ಓದುಗರೊಬ್ಬರ ಪತ್ರ: "ನಮ್ಮಲ್ಲಿ ಹೈಕಮಾಂಡ್ ಟಿಕೆಟ್ ಕೊಡುತ್ತದೆ, ಬಿ ಫಾರಂ ಕೈಗೆ ಬಂದರೆ ಮುಗಿಯಿತು. ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವವರು ಯಾರು? ಜನರೇ ಅನ್ನುವುದಾದರೆ, 2024ರಲ್ಲಿ ಕಮಲಾ ಹ್ಯಾರಿಸ್ ಒಂದು ಪ್ರೈಮರಿಯನ್ನೂ ಗೆಲ್ಲದೆ ಅಭ್ಯರ್ಥಿ ಆಗಿದ್ದು ಹೇಗೆ?"

ಸಂಪಾದಕರ ಉತ್ತರ:

ನಿಮ್ಮ ಎರಡನೇ ಪ್ರಶ್ನೆ ನನ್ನನ್ನೂ ಕಾಡಿದೆ. ಅದಕ್ಕೆ ಬರುವ ಮೊದಲು ಒಂದಷ್ಟು ಹಿಂದಿನಿಂದ ಹೇಳಬೇಕು.

ಅಲ್ಲಿ ಬಿ ಫಾರಂ ಇಲ್ಲ. ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗೇ ಒಂದು ಚುನಾವಣೆ ನಡೆಯುತ್ತದೆ. ಅದೇ ಪ್ರೈಮರಿ. ಅದನ್ನು ಬಹುತೇಕ ಕಡೆ ನಡೆಸುವುದು ಪಕ್ಷವಲ್ಲ, ರಾಜ್ಯ ಸರ್ಕಾರ. ಮತಗಟ್ಟೆ, ಮತಪತ್ರ, ಎಣಿಕೆ ಎಲ್ಲ ಸರ್ಕಾರದ್ದೇ. ಅನೇಕ ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಸೇರುವಾಗಲೇ ನಾನು ಡೆಮಾಕ್ರಟಿಕ್, ನಾನು ರಿಪಬ್ಲಿಕನ್ ಎಂದು ಬರೆಸಬಹುದು. ಸದಸ್ಯತ್ವದ ಶುಲ್ಕ ಇಲ್ಲ, ರಸೀದಿ ಇಲ್ಲ. ಅಷ್ಟಕ್ಕೇ ಆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಹಕ್ಕು ಸಿಗುತ್ತದೆ. ಕೆಲವು ರಾಜ್ಯಗಳಲ್ಲಿ ಅದೂ ಬೇಕಿಲ್ಲ.

ಬಿದ್ದ ಮತಗಳ ಲೆಕ್ಕದಲ್ಲಿ ಅಭ್ಯರ್ಥಿಗಳಿಗೆ ಡೆಲಿಗೇಟ್‌ಗಳು, ಅಂದರೆ ಪ್ರತಿನಿಧಿಗಳು ಸಿಗುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15 ಮತ ದಾಟಿದವರು ಹಂಚಿಕೊಳ್ಳುತ್ತಾರೆ. ರಿಪಬ್ಲಿಕನ್ನರಲ್ಲಿ ಹಲವು ಕಡೆ ಗೆದ್ದವರಿಗೇ ಎಲ್ಲವೂ. ಬೇಸಿಗೆಯ ಮಹಾಧಿವೇಶನದಲ್ಲಿ ಅರ್ಧಕ್ಕಿಂತ ಜಾಸ್ತಿ ಡೆಲಿಗೇಟ್‌ಗಳು ಯಾರ ಕಡೆಗೋ ಅವರೇ ಅಭ್ಯರ್ಥಿ. 2024ರಲ್ಲಿ ರಿಪಬ್ಲಿಕನ್ ಡೆಲಿಗೇಟ್‌ಗಳು 2,429 ಜನ. ಗೆಲ್ಲಲು 1,215 ಬೇಕಿತ್ತು.

ಇದು ಅವರ ಸಂವಿಧಾನದಲ್ಲಿರುವ ಪದ್ಧತಿ ಎಂದು ಹಲವರು ತಿಳಿದಿದ್ದಾರೆ. ಆ ಸಂವಿಧಾನದಲ್ಲಿ ಪಕ್ಷ ಎನ್ನುವ ಮಾತೇ ಇಲ್ಲ. ಜನರ ಕೈಗೆ ಈ ಅಧಿಕಾರ ಪೂರ್ತಿಯಾಗಿ ಬಂದು ಇನ್ನೂ 60 ವರ್ಷ ಆಗಿಲ್ಲ. ಬಂದದ್ದೂ ಸುಮ್ನೆ ಅಲ್ಲ.

1968ರ ಕತೆ ಹೇಳುತ್ತೇನೆ. ವಿಯೆಟ್ನಾಂ ಯುದ್ಧ ಜೋರಾಗಿತ್ತು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್ ಮಾರ್ಚ್ 31ರಂದು ತಾನು ಮತ್ತೆ ನಿಲ್ಲುವುದಿಲ್ಲ ಅಂದರು. ಅದೇ ಪಕ್ಷದಲ್ಲಿ ಯುದ್ಧ ಬೇಡ ಎನ್ನುತ್ತಿದ್ದ ಯೂಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ ಪ್ರೈಮರಿಗಳಲ್ಲಿ ಜನರ ಮತ ಗೆಲ್ಲುತ್ತಿದ್ದರು. ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ಕೆನಡಿಗೆ ಗುಂಡೇಟು ಬಿತ್ತು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧೆಗೇ ಇಳಿದಿರಲಿಲ್ಲ. ಇಳಿಯುವ ಅಗತ್ಯವೂ ಇರಲಿಲ್ಲ. ಆಗ ಹೆಚ್ಚಿನ ಡೆಲಿಗೇಟ್‌ಗಳನ್ನು ಆರಿಸುತ್ತಿದ್ದವರು ರಾಜ್ಯಗಳ ಪಕ್ಷದ ಮುಖಂಡರು. ಆಗಸ್ಟ್‌ನಲ್ಲಿ ಷಿಕಾಗೋದ ಬೀದಿಗಳಲ್ಲಿ ಪೊಲೀಸರು ಯುವಕರ ಮೇಲೆ ಲಾಠಿ ಬೀಸಿದರು, ಅಧಿವೇಶನದಲ್ಲಿ ಹಂಫ್ರಿ ಅಭ್ಯರ್ಥಿಯಾದರು. ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಗೆದ್ದರು.

ಆ ಅವಮಾನದಿಂದ ಹುಟ್ಟಿದ್ದೇ ಜಾರ್ಜ್ ಮೆಕ್‌ಗವರ್ನ್ ನೇತೃತ್ವದ ಸಮಿತಿ. ಡೆಲಿಗೇಟ್‌ಗಳ ಆಯ್ಕೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಕೂಡದು ಎಂದು ಅದು ನಿಯಮ ಮಾಡಿತು. ರಾಜ್ಯಗಳಿಗೆ ಪ್ರೈಮರಿಯೇ ಸುಲಭದ ದಾರಿಯಾಗಿ ಕಂಡಿತು. ಕಾನೂನು ಬದಲಾದ ಮೇಲೆ ರಿಪಬ್ಲಿಕನ್ನರೂ ಅದೇ ದಾರಿಗೆ ಬಂದರು. 1972ರಲ್ಲಿ ಮೆಕ್‌ಗವರ್ನ್ ಅವರೇ ಹೊಸ ನಿಯಮದಲ್ಲಿ ಅಭ್ಯರ್ಥಿಯಾಗಿ, 49 ರಾಜ್ಯಗಳಲ್ಲಿ ಸೋತರು. ಹಾಗಂತ ಪ್ರೈಮರಿ ಹಿಂದಕ್ಕೆ ಹೋಗಲಿಲ್ಲ. ಪಕ್ಷದ ಹಿರಿಯರಿಗೂ ಒಂದಿಷ್ಟು ಮತ ಇರಲಿ ಎಂದು ಡೆಮಾಕ್ರಟಿಕ್ ಪಕ್ಷ 1984ರಿಂದ ಸೂಪರ್ ಡೆಲಿಗೇಟ್‌ಗಳನ್ನು ತಂದಿತು. 2018ರಲ್ಲಿ ಅವರ ಕೈಯನ್ನೂ ಬಹಳಷ್ಟು ಕಟ್ಟಿಹಾಕಿತು. ರಿಪಬ್ಲಿಕನ್ನರ ಕಡೆ 2016 ನೋಡಿ. ಹಿರಿಯ ಮುಖಂಡರಲ್ಲಿ ಹಲವರಿಗೆ ಟ್ರಂಪ್ ಬೇಡವಾಗಿದ್ದರು. 2012ರ ಅಭ್ಯರ್ಥಿ ಮಿಟ್ ರಾಮ್ನಿ ಬಹಿರಂಗವಾಗಿ ಭಾಷಣವನ್ನೇ ಮಾಡಿದರು. ಮತದಾರರು ಕೇಳಲಿಲ್ಲ.

ನನಗೆ ಈ ಪದ್ಧತಿ ಇಷ್ಟ. ಆದರೆ ಅದರ ಸರದಿ ನ್ಯಾಯವಾಗಿಲ್ಲ. ಎಲ್ಲ ರಾಜ್ಯಗಳೂ ಒಂದೇ ದಿನ ಮತ ಹಾಕುವುದಿಲ್ಲ. ಮೊದಲ ಪ್ರೈಮರಿ ನಮ್ಮದೇ ಆಗಬೇಕು ಎಂದು ನ್ಯೂ ಹ್ಯಾಂಪ್‌ಶೈರ್ ಕಾನೂನನ್ನೇ ಮಾಡಿಕೊಂಡಿದೆ. ಅದಕ್ಕೂ ಮುಂಚೆ ಅಯೋವಾದಲ್ಲಿ ಕಾಕಸ್. ಚಳಿಗಾಲದ ರಾತ್ರಿ ನೆರೆಹೊರೆಯವರು ಶಾಲೆಯಲ್ಲೋ ಚರ್ಚ್‌ನಲ್ಲೋ ಸೇರಿ, ಮಾತಾಡಿ, ತಮ್ಮ ಆಯ್ಕೆ ಹೇಳುವ ಸಭೆ ಅದು. ಕೇಳಲು ಚೆನ್ನಾಗಿದೆ. ಆದರೆ ರಾತ್ರಿ ಪಾಳಿಯ ನರ್ಸ್ ಅಲ್ಲಿಗೆ ಹೋಗುವುದು ಹೇಗೆ? ಮೊದಲ ಕೆಲವು ರಾಜ್ಯಗಳಲ್ಲಿ ಸೋತವರ ಹಣ ಖಾಲಿಯಾಗಿ ಅವರು ಹಿಂದೆ ಸರಿಯುತ್ತಾರೆ. ಜೂನ್‌ನಲ್ಲಿ ಮತ ಹಾಕುವವರಿಗೆ ಹೆಚ್ಚಿನ ಸಲ ಆರಿಸಲು ಯಾರೂ ಉಳಿದಿರುವುದಿಲ್ಲ. ಅದಕ್ಕೇ 2024ಕ್ಕೆ ಡೆಮಾಕ್ರಟಿಕ್ ಪಕ್ಷ ದಕ್ಷಿಣ ಕ್ಯಾರೊಲಿನಾವನ್ನು ಮುಂದಕ್ಕೆ ತಂದಿತು. ಕಪ್ಪು ಜನರ ಮತಕ್ಕೆ ಅಲ್ಲಿ ತೂಕ ಜಾಸ್ತಿ. ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ.

ಇನ್ನು ಹ್ಯಾರಿಸ್ ವಿಷಯ. 2024ರ ಡೆಮಾಕ್ರಟಿಕ್ ಪ್ರೈಮರಿಗಳನ್ನು ಗೆದ್ದವರು ಆಗಿನ ಅಧ್ಯಕ್ಷ ಜೋ ಬೈಡನ್. ಡೆಲಿಗೇಟ್‌ಗಳು ಬಹುತೇಕ ಎಲ್ಲರೂ ಅವರ ಕಡೆಯವರೇ. ಜುಲೈ 21ರಂದು ಅವರು ಹಿಂದೆ ಸರಿದು ಹ್ಯಾರಿಸ್ ಹೆಸರು ಹೇಳಿದರು. ಆಗ ಡೆಲಿಗೇಟ್‌ಗಳು ಯಾರಿಗೆ ಬೇಕಾದರೂ ಮತ ಹಾಕಬಹುದಿತ್ತು. ಹೊಸ ಪ್ರೈಮರಿಗೆ ಸಮಯ ಇರಲಿಲ್ಲ. ಆಗಸ್ಟ್ ಮೊದಲ ವಾರ ಆನ್‌ಲೈನ್‌ನಲ್ಲೇ ಮತ ಹಾಕಿ ಹ್ಯಾರಿಸ್ ಅವರನ್ನು ಆರಿಸಿದರು. ಯಾವ ನಿಯಮವೂ ಮುರಿಯಲಿಲ್ಲ. ಆದರೂ ನಿಮಗಾದ ಕಸಿವಿಸಿ ನನಗೂ ಆಗಿತ್ತು. ಅಧ್ಯಕ್ಷ ಸ್ಥಾನಕ್ಕೆಂದು ಅವರು ಮೊದಲ ಸಲ ಹೊರಟಾಗ, ಒಂದು ರಾಜ್ಯವೂ ಮತ ಹಾಕುವ ಮುಂಚೆ, 2019ರ ಡಿಸೆಂಬರ್‌ನಲ್ಲೇ ಹಿಂದೆ ಸರಿದಿದ್ದರು. ಎರಡನೇ ಸಲ ಪ್ರೈಮರಿ ಮುಗಿದ ಮೇಲೆ ಬಂದರು. ಆ ನಡುವೆ ಮತದಾರರು ಅವರ ಹೆಸರಿನ ಮುಂದೆ ಗುರುತು ಹಾಕಿದ್ದು ಒಮ್ಮೆ ಮಾತ್ರ, 2020ರ ನವೆಂಬರ್‌ನಲ್ಲಿ, ಬೈಡನ್ ಜೊತೆ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದಾಗ.