ಮಳೆಗಾಲದಲ್ಲಿ ಅಪ್ಪ ರಾತ್ರಿ ಪದೇ ಪದೇ ಉಚ್ಚೆಗೆ ಏಳುತ್ತಾರೆ, ಚಳಿಗೇನಾ?

ಸೋಮವಾರಪೇಟೆ ಕಡೆ ತೋಟದ ಮನೆಯಲ್ಲಿರುವ ನಿಮ್ಮ ಅಪ್ಪನಿಗೆ ಅರವತ್ತು ದಾಟಿದೆ, ಮಳೆ ಹಿಡಿದಾಗಿನಿಂದ ರಾತ್ರಿ ಮೂರ್ನಾಲ್ಕು ಸಲ ಏಳುತ್ತಾರೆ, ಚಳಿಗಾ ಬೇರೇನಾದರೂ ಇದೆಯಾ ಅಂತ ಕೇಳಿದ್ದೀರಿ. ಎರಡೂ ಇರಬಹುದು. ನಾನು ಡಾಕ್ಟರ್ ಅಲ್ಲ, ವಿರಾಜಪೇಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಮಳೆಗಾಲ ಪೂರ್ತಿ ಈ ಪ್ರಶ್ನೆ ಕೌಂಟರ್ ಹತ್ತಿರ ಮೆಲ್ಲಗೆ ಬರುತ್ತಲೇ ಇರುತ್ತದೆ.

ಥಂಡಿಗೆ ಚರ್ಮದ ರಕ್ತನಾಳಗಳು ಬಿಗಿಯಾಗಿ ರಕ್ತ ಒಳಗೆ ಸರಿಯುತ್ತದೆ. ರಕ್ತ ಜಾಸ್ತಿಯಾಯಿತು ಅಂದುಕೊಂಡು ದೇಹ ನೀರನ್ನು ಹೊರಗೆ ಹಾಕುತ್ತದೆ. ಬೆವರಂತೂ ಇಲ್ಲ. ಸಂಜೆಯ ಕಾಫಿ ಬೇರೆ, ಅದರ ಮೇಲೊಂದು ಪೆಗ್ ಬಿದ್ದರೆ ಕೇಳಲೇಬೇಡಿ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೆಚ್ಚುಕಮ್ಮಿ ಎಲ್ಲವನ್ನೂ ರಕ್ತಕ್ಕೇ ವಾಪಸ್ ಕೊಡುತ್ತವೆ. ಮೂತ್ರಕೋಶಕ್ಕೆ ಇಳಿಯುವುದು ಒಂದೂವರೆ ಲೀಟರ್ ಆಸುಪಾಸು.

ಇಲ್ಲಿವರೆಗೆ ಹೆಂಗಸರಿಗೂ ಗಂಡಸರಿಗೂ ಒಂದೇ. ಆಮೇಲಿನ ದಾರಿ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ 20ರ ಹತ್ತಿರ. ಅದು ಮೂತ್ರಕೋಶ ಬಿಟ್ಟ ಕೂಡಲೇ ಪ್ರಾಸ್ಟೇಟ್ ಗ್ರಂಥಿಯ ನಟ್ಟನಡುವೆ ಹಾಯುತ್ತದೆ. ವೀರ್ಯಕ್ಕೆ ದ್ರವ ಸೇರಿಸುವ ಈ ಗ್ರಂಥಿ 50 ದಾಟಿದ ಬಹಳ ಜನರಲ್ಲಿ ನಿಧಾನಕ್ಕೆ ದಪ್ಪವಾಗಿ ದಾರಿಯನ್ನು ಅಮುಕುತ್ತದೆ. ಮೂತ್ರಕೋಶ ಪೂರ್ತಿ ಖಾಲಿಯಾಗಲ್ಲ, ಬೇಗ ಮತ್ತೆ ತುಂಬುತ್ತದೆ. ದಪ್ಪವಾದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ, ಸುಮ್ನೆ ಹೆದರಬೇಡಿ.

ಅಪ್ಪನ ಹತ್ತಿರ ಧಾರೆ ಹೇಗಿದೆ ಅಂತ ಕೇಳಿ. ಪ್ರತಿ ಸಲ ಸಲೀಸಾಗಿ, ಜಾಸ್ತಿ ಹೋಗುತ್ತಿದ್ದರೆ ಚಳಿ, ಕಾಫಿ ಇರಬಹುದು. ಶುಗರ್ ಕೂಡ ಒಮ್ಮೆ ನೋಡಿಸಿ. ಶುರುವಾಗಲು ಕಾಯಬೇಕು, ನಿಂತು ನಿಂತು ಬರುತ್ತೆ, ಮುಗಿದರೂ ಇನ್ನೂ ಇದೆ ಅನ್ನಿಸುತ್ತೆ ಅಂದರೆ ಪ್ರಾಸ್ಟೇಟ್ ಮೇಲೇ ಅನುಮಾನ. ಡಾಕ್ಟರಿಗೆ ತೋರಿಸಿ, ಮಾತ್ರೆಗಳಿವೆ.

ಅಲ್ಲಿವರೆಗೆ ಶೀತದ ಮಾತ್ರೆ ಬಗ್ಗೆ ಹುಷಾರು. ಕಟ್ಟಿದ ಮೂಗು ಬಿಡಿಸಲೆಂದು ಅದರಲ್ಲಿ ಹಾಕುವ ಫಿನೈಲೆಫ್ರಿನ್ ಮೂತ್ರಕೋಶದ ಬಾಯನ್ನು ಬಿಗಿ ಮಾಡಬಹುದು. ಅದರ ಜೊತೆಗೇ ಬರುವ ಕ್ಲೋರ್‌ಫೆನಿರಮಿನ್ ಹಿಂಡುವ ಬಲವನ್ನು ಕಮ್ಮಿ ಮಾಡಬಹುದು. ಪ್ರಾಸ್ಟೇಟ್ ದಪ್ಪವಾದವರಿಗೆ ಉಚ್ಚೆ ಪೂರ್ತಿ ಕಟ್ಟಿಬಿಡುವುದೂ ಉಂಟು. ಹಾಗಾದರೆ ಬೆಳಗಾಗಲಿ ಅಂತ ಕಾಯಬೇಡಿ. ಮರ ಬಿದ್ದು ರಸ್ತೆ ಬಂದ್ ಆಗುವ ಊರು ನಮ್ಮದು, ತಕ್ಷಣ ಹೊರಡಿ. ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಖಾಲಿ ಮಾಡುತ್ತಾರೆ. ಶೀತಕ್ಕೆ ಮಾತ್ರೆ ಕೇಳುವಾಗ ಅಂಗಡಿಯವರಿಗೆ ಈ ತೊಂದರೆಯನ್ನೂ ಹೇಳಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು.