ಆಸ್ಪತ್ರೆಯಲ್ಲಿ ಲೆಕ್ಕಾಧಿಕಾರಿಗೇನು ಕೆಲಸ?

ಹರಿಹರದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇಷ್ಟು: ಸೊಸೆಯ ಹೆರಿಗೆಗೆಂದು ಸರ್ಕಾರಿ ಆಸ್ಪತ್ರೆಗೆ ಹೋದಾಗ ಹೊಲಿಗೆ ದಾರ, ಗ್ಲೌಸು ಎರಡನ್ನೂ ಹೊರಗಿನ ಮೆಡಿಕಲ್ ಶಾಪಿನಿಂದ ತರಬೇಕಾಯಿತು. "ಡಾಕ್ಟರ್ ಸಾಲದು, ನರ್ಸ್ ಸಾಲದು, ಫೈಲಿಗೆ ಕೊಕ್ಕೆ ಹಾಕುವವರಿಗೆ ಮಾತ್ರ ಬರವಿಲ್ಲ. ಆಸ್ಪತ್ರೆಗೆ ಲೆಕ್ಕದವರು ಯಾಕೆ?" ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದಂದಿನಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರಾ ಉಚಿತ. ಸಿಸೇರಿಯನ್ ಆದರೂ ಅಷ್ಟೇ. ಔಷಧ, ಹೊಲಿಗೆ ಸಾಮಗ್ರಿ, ರಕ್ತ, ಊಟ ಎಲ್ಲವೂ ಅದರಲ್ಲೇ ಸೇರಿವೆ. ನೀವು ಅಂಗಡಿಯಲ್ಲಿ ಎಣಿಸಿಕೊಟ್ಟ ದುಡ್ಡು ನೀವು ಕೊಡಬೇಕಾದದ್ದೇ ಅಲ್ಲ. ಅದಕ್ಕೆಂದೇ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಹಣವಿದೆ; ಕೇಂದ್ರ ನೂರಕ್ಕೆ 60, ರಾಜ್ಯ 40 ಹಾಕುತ್ತವೆ. ಹಾಗಿದ್ದೂ ದಾರ ಇರಲಿಲ್ಲ ಅಂದರೆ ನಡುವೆ ಎಲ್ಲೋ ತಡೆದಿದೆ.

ಎಲ್ಲಿ ತಡೆಯುತ್ತದೆ ನೋಡಿ. ವಾರ್ಡಿನ ಸಿಸ್ಟರ್ ಇಂಡೆಂಟ್, ಅಂದರೆ ಬೇಕಾದ ಸಾಮಗ್ರಿಯ ಬೇಡಿಕೆ ಚೀಟಿ, ಬರೆಯುತ್ತಾರೆ. ಉಗ್ರಾಣದಲ್ಲಿ ಸ್ಟಾಕ್ ಇಲ್ಲ. ವೈದ್ಯಕೀಯ ಸರಬರಾಜು ನಿಗಮದಿಂದ ಬರಬೇಕಾದದ್ದು ಬಂದಿಲ್ಲ. ಇಲ್ಲೇ ಕೊಳ್ಳೋಣವೆಂದರೆ ನಿಗಮದಲ್ಲಿ ಲಭ್ಯವಿಲ್ಲ ಎಂಬ ಪತ್ರ ಬೇಕು, ಕೊಟೇಶನ್ ಬೇಕು, ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಕೆಟಿಪಿಪಿ ಕಾಯ್ದೆಯಲ್ಲಿ ಟೆಂಡರ್ ಇಲ್ಲದೆ ಕೊಳ್ಳುವ ಮಿತಿ ನೋಡಬೇಕು, ಯಾವ ಲೆಕ್ಕಶೀರ್ಷಿಕೆಗೆ ಖರ್ಚು ಹಾಕುವುದೆಂದು ತೀರ್ಮಾನವಾಗಬೇಕು. ಇಷ್ಟೆಲ್ಲ ಮುಗಿದ ಮೇಲೆ ಅಂಗಡಿಯವರು "ಸಾರ್, ಹಳೇ ಬಿಲ್ಲಿನ ದುಡ್ಡೇ ಬಂದಿಲ್ಲ" ಅನ್ನುತ್ತಾರೆ. ಈ ನಿಯಮಗಳು ಬೇಡವೆಂದು ನಾನು ಹೇಳಲಾರೆ. ಅವಿಲ್ಲದಿದ್ದರೆ ಕಳ್ಳರ ಕೈ ಮೇಲಾಗುತ್ತದೆ. ಆದರೆ ಮೂರು ತಿಂಗಳು ಮೊದಲೇ ಸ್ಟಾಕ್ ರಿಜಿಸ್ಟರ್ ತಿರುವಿ, "ಹೆರಿಗೆ ಇಷ್ಟಾಗುತ್ತಿವೆ, ದಾರ ಇಷ್ಟೇ ಉಳಿದಿದೆ, ಈಗಲೇ ಫೈಲ್ ಹೊರಡಿಸಿ" ಎನ್ನುವವರೊಬ್ಬರು ಇದ್ದರೆ ಇದೇ ನಿಯಮಗಳ ಒಳಗೇ ದಾರ ಬರುತ್ತದೆ. ಆಸ್ಪತ್ರೆಗೆ ಬೇಕಾದ ಲೆಕ್ಕಾಧಿಕಾರಿ ಅವರೇ. ನೀವು ಕಂಡದ್ದು ಕೊಕ್ಕೆ ಹಾಕುವವರನ್ನು. ಇಬ್ಬರ ಕುರ್ಚಿಯೂ ಒಂದೇ ಆಗಿರಬಹುದು, ಕೆಲಸ ಒಂದೇ ಅಲ್ಲ.

ಚಿತ್ರದುರ್ಗದ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯ ಉಗ್ರಾಣ ನೋಡಿದ್ದೆ. ಅಲ್ಲಿನ ಫಾರ್ಮಸಿಸ್ಟ್ ಪ್ರತಿ ಪೆಟ್ಟಿಗೆಯ ಮುಖಕ್ಕೆ ಸ್ಕೆಚ್ ಪೆನ್ನಿನಲ್ಲಿ ಅವಧಿ ಮುಗಿಯುವ ತಿಂಗಳನ್ನು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದರು. ಬೇಗ ಮುಗಿಯುವುದು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಯಾವುದು ಎಷ್ಟು ದಿನಕ್ಕೆ ಸಾಕೆಂದು ಬಾಯಲ್ಲೇ ಹೇಳಿದರು. ಲೆಕ್ಕಾಧಿಕಾರಿಗಳು ಈ ಉಗ್ರಾಣಕ್ಕೆ ಎಂದಾದರೂ ಬಂದಿದ್ದರೇ ಎಂದು ಕೇಳಿದೆ. ಆಡಿಟ್ ಹೊತ್ತಿಗೆ ರಿಜಿಸ್ಟರ್ ತರಿಸಿಕೊಳ್ಳುತ್ತಾರೆ ಎಂದರು. ನನ್ನ ತಕರಾರು ಇರುವುದು ಇಲ್ಲೇ. ಸರ್ಕಾರಿ ಹಣದ ಲೆಕ್ಕ ನೋಡುವ ಖಜಾನೆ-2 ಕಂಪ್ಯೂಟರ್ ವ್ಯವಸ್ಥೆಯ ಪರದೆಯ ಮೇಲೆ ಬರುವುದು ಮೊತ್ತ ಮಾತ್ರ, ಪೆಟ್ಟಿಗೆ ಕಾಣುವುದಿಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ತಿಳಿಯದು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯೇ ಆ ಚಿಕಿತ್ಸೆ ಕೊಟ್ಟರೆ ಕ್ಲೇಮ್ ಹಣ, ಅಂದರೆ ಆ ಚಿಕಿತ್ಸೆಗೆ ಯೋಜನೆ ಕೊಡುವ ದುಡ್ಡು, ಆ ಆಸ್ಪತ್ರೆಗೇ ಬರುತ್ತದೆ. ಜಗಳೂರಿನಿಂದ ಸೊಂಟದ ಮೂಳೆ ಮುರಿದುಕೊಂಡು ಬಂದ ಅಜ್ಜಿಗೆ ಡಾಕ್ಟರು ಚೆನ್ನಾಗಿಯೇ ಆಪರೇಷನ್ ಮಾಡಿರುತ್ತಾರೆ. ಎಕ್ಸ್‌ರೇ ಅಪ್‌ಲೋಡ್ ಆಗಿಲ್ಲ, ಡಿಸ್ಚಾರ್ಜ್ ಸಾರಾಂಶಕ್ಕೆ ಸಹಿ ಬಿದ್ದಿಲ್ಲ ಅಂದರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ. ಅಜ್ಜಿಗೆ ನಷ್ಟವಿಲ್ಲ, ಆಸ್ಪತ್ರೆಗೆ ಆ ಹಣ ಕೈತಪ್ಪಿ ನಷ್ಟವಾಗುವುದು ಮುಂದಿನ ತಿಂಗಳು ಬರುವ ನಿಮ್ಮ ಸೊಸೆಯಂಥವರಿಗೆ.

ಯಂತ್ರಗಳ ಕಥೆಯೂ ಇದೇ. ಕೋವಿಡ್ ಹೊತ್ತಿನಲ್ಲಿ, 2021ರಲ್ಲಿ, ಜಿಲ್ಲೆ ಜಿಲ್ಲೆಗೂ ಆಕ್ಸಿಜನ್ ಘಟಕ ಬಂದವು. ಕೊಳ್ಳುವ ದುಡ್ಡು ಒಮ್ಮೆ ಬರುತ್ತದೆ. ಕರೆಂಟು, ಬಿಡಿಭಾಗ, ವಾರ್ಷಿಕ ನಿರ್ವಹಣೆ ಗುತ್ತಿಗೆ (ಎಎಂಸಿ), ನಡೆಸುವ ಆಳು ಇವಕ್ಕೆಲ್ಲ ವರ್ಷವೂ ಬೇಕು. "ಮುಂದಿನ ವರ್ಷ ಇದರ ಎಎಂಸಿ ಯಾವ ಲೆಕ್ಕದಿಂದ?" ಎಂದು ಉದ್ಘಾಟನೆಗೆ ಮೊದಲೇ ಕೇಳಬೇಕಾದವರು ಹಣಕಾಸಿನವರು. ಮಾರ್ಚ್ ಕೊನೆಯ ವಾರದ ಅವಸರದ ಖರೀದಿಗೆ "ಬೇಡ" ಎನ್ನಬೇಕಾದವರೂ ಅವರೇ.

ಆದರೂ ನಿಮ್ಮ ಭಯದಲ್ಲಿ ಸತ್ಯವಿದೆ. ಲೆಕ್ಕವೇ ಆಸ್ಪತ್ರೆಯನ್ನು ಆಳತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಸಾಕ್ಷಿ. ಆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಣಕಾಸು ನಿರ್ದೇಶಕರು ಆಡಳಿತ ಮಂಡಳಿಯಲ್ಲೇ ಕೂರುತ್ತಾರೆ, ಮತವೂ ಇದೆ. ಸ್ಟಾಫರ್ಡಿನಲ್ಲಿ ಖರ್ಚು ಇಳಿಸಲೆಂದು ಸಿಬ್ಬಂದಿ ಕಡಿತ ಮಾಡಿದರು. ಹಾಸಿಗೆಯಲ್ಲಿದ್ದವರಿಗೆ ನೀರು ಕೊಡುವವರಿಲ್ಲ, ಮಲಿನವಾದ ಹೊದಿಕೆ ಬದಲಿಸುವವರಿಲ್ಲ ಎಂಬ ಸ್ಥಿತಿ ಬಂತು. ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರಲ್ಲಿ ಇದನ್ನೆಲ್ಲ ಬಯಲಿಗಿಟ್ಟಿತು: ಮಂಡಳಿ ಲೆಕ್ಕ, ಗುರಿಗಳ ಹಿಂದೆ ಬಿದ್ದು ರೋಗಿಯನ್ನು ಮರೆತಿತ್ತು. ಉಳಿಸಿದ ದುಡ್ಡನ್ನೇ ಸಾಧನೆಯೆಂದು ಬೀಗುವ ಲೆಕ್ಕಾಧಿಕಾರಿ ನಮಗೂ ಬೇಡ. ನಮಗೆ ಬೇಕಾದ ಲೆಕ್ಕಾಧಿಕಾರಿ ಡಾಕ್ಟರ ಜೊತೆ ವಾರ್ಡ್ ಸುತ್ತಬೇಕು, ಡಾಕ್ಟರು ಅವರನ್ನು ಬಿಲ್ಲಿನ ದಿನ ಅಲ್ಲ, ಯೋಜನೆ ಹಾಕುವ ದಿನವೇ ಕರೆಯಬೇಕು.

ನೀವು ಮಾಡಬಹುದಾದದ್ದೂ ಇದೆ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸದಸ್ಯರನ್ನು ಕಂಡು, ಹೆರಿಗೆ ವಾರ್ಡಿನ ಸಾಮಗ್ರಿ ಎಷ್ಟು ದಿನಕ್ಕಿದೆ, ಕಳೆದ ಮೂರು ತಿಂಗಳಲ್ಲಿ ಎಷ್ಟು ಕ್ಲೇಮ್ ತಿರಸ್ಕೃತವಾದವು, ಅಂಗಡಿಯವರ ಬಾಕಿ ಎಷ್ಟು ಎಂದು ಕೇಳಿ. ಬಾಯಿಮಾತಿನ ಉತ್ತರ ಬಂದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಏನು ಉತ್ತರ ಬಂತೆಂದು ನಮಗೂ ತಿಳಿಸಿ, ಪ್ರಕಟಿಸುತ್ತೇವೆ.

— ಸಂ.