ಕೋವಿಯ ನಳಿಗೆಯ ನೀಲಿ ಬಣ್ಣವನ್ನು ಮನೆಯಲ್ಲೇ ಸರಿಪಡಿಸಬಹುದೇ?

ಮಳವಳ್ಳಿಯ ತೋಟದ ಮನೆಯಲ್ಲಿರುವ ತಾತನ ಪರವಾನಗಿ ಕೋವಿಯ ಜೋಡಿ ನಳಿಗೆ ಮಾಸಿದೆ ಎಂದಿದ್ದೀರಿ. ಸಣ್ಣ ಕಲೆಯಾದರೆ ಮನೆಯಲ್ಲೇ ಸರಿಪಡಿಸಬಹುದು. ಇಡೀ ನಳಿಗೆಯಾದರೆ ಬೇಡ.

ಆ ನೀಲಿ ಬಣ್ಣ ಪೇಂಟ್ ಅಲ್ಲ, ಉಕ್ಕಿನ ಮೇಲ್ಮೈಯೇ ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆದ ತೆಳು ಪದರ. ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಅದ್ದುತ್ತಾರೆ. ನೀರು ಬಿದ್ದರೆ ಸಿಡಿಯುವ ಆ ದ್ರಾವಣ ಅಡುಗೆಮನೆಯ ಒಲೆಗಂತೂ ಅಲ್ಲ. ಜೋಡಿ ನಳಿಗೆಗಳನ್ನು ಹೆಚ್ಚಾಗಿ ಸೀಸ, ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಬಿಸಿ ಕ್ಷಾರ ಅದನ್ನೇ ತಿಂದುಹಾಕುತ್ತದೆ.

ಸಣ್ಣ ಕಲೆಗೆ ಕೋಲ್ಡ್ ಬ್ಲೂ, ಅಂದರೆ ಕಾಯಿಸದೆ ಹಚ್ಚುವ ದ್ರಾವಣ ಸಾಕು. ಮೊದಲು ತೋಟಾ ಇಲ್ಲವೆಂದು ಎರಡು ಬಾರಿ ನೋಡಿಕೊಳ್ಳಿ. ತುಕ್ಕು ತೆಗೆದು, ಅಸಿಟೋನ್‌ನಿಂದ ಜಿಡ್ಡು ಒರೆಸಿ. ಕೆಲಸ ಕೆಡುವುದು ಇಲ್ಲೇ: ಬೆರಳಿನ ಗುರುತು ಉಳಿದರೂ ಬಣ್ಣ ಹಿಡಿಯುವುದಿಲ್ಲ. ಹತ್ತಿಯಿಂದ ಹಚ್ಚಿ, ತೊಳೆದು, ಒಣಗಿಸಿ, ಬೇಕಾದರೆ ಮತ್ತೆ ಹಚ್ಚಿ, ಕೊನೆಗೆ ಎಣ್ಣೆ. ದ್ರಾವಣದಲ್ಲಿ ಸಾಮಾನ್ಯವಾಗಿ ವಿಷಕಾರಿ ಸೆಲೆನಿಯಂ ಇರುವುದರಿಂದ ಕೈಗವಸು ಬೇಕೇ ಬೇಕು. ಸ್ಟೇನ್‌ಲೆಸ್ ಉಕ್ಕಿಗೂ ಅಲ್ಯೂಮಿನಿಯಂಗೂ ಇದು ನಡೆಯುವುದಿಲ್ಲ.

ಪೂರ್ಣ ಕೆಲಸಕ್ಕೆ ಮೈಸೂರಿನಲ್ಲಿ ಪರವಾನಗಿಯುಳ್ಳ ಕೋವಿ ರಿಪೇರಿಯವರನ್ನು ವಿಚಾರಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಉಜ್ಜುವಾಗ ಕೋವಿಯ ಮೇಲೆ ಕೆತ್ತಿರುವ ನಂಬರ್ ಮಾತ್ರ ಅಳಿಸಬೇಡಿ.